ಸಸಿಹಿತ್ಲಿನಲ್ಲಿ ಕಯಾಕ್‌ನಿಂದ ಅಲೆ ಹಿಡಿದದ್ದು: ನನ್ನ ಅನುಭವ

ಶಾಂಭವಿ ನದಿಯಲ್ಲಿ ಎರಡು ವರ್ಷ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ) ಓಡಿಸಿದ ಮೇಲೆ, ಮಳೆಗಾಲ ಮುಗಿದು ಕಡಲು ಶಾಂತವಾದಾಗ ಸಸಿಹಿತ್ಲು ಬೀಚಿನಲ್ಲಿ ಅಲೆ ಹಿಡಿಯಲು, ಅಂದರೆ ಅಲೆಯ ಮೇಲೆ ಜಾರಿಕೊಂಡು ದಡದತ್ತ ಬರಲು, ಇಳಿದೆ. ಮೊದಲ ವಾರ ಒಂದೂ ಸಿಗಲಿಲ್ಲ. ಅಲೆ ಬರುತ್ತದೆ, ಎತ್ತುತ್ತದೆ, ಇಳಿಸಿ ಮುಂದೆ ಹೋಗುತ್ತದೆ. ನಾನು ಇದ್ದಲ್ಲೇ.

ಲೆಕ್ಕ ಹಾಕಿದಾಗ ಕಾರಣ ಗೊತ್ತಾಯಿತು. 8 ಸೆಕೆಂಡಿಗೊಂದರಂತೆ ಬರುವ ಅಲೆಗಳು ಆಳ ಕಡಲಿನಲ್ಲಿ ಗಂಟೆಗೆ ಸುಮಾರು 45 ಕಿ.ಮೀ. ಓಡುತ್ತವೆ. ನನ್ನ ಹತ್ತಡಿ ಕಯಾಕ್ ಎಷ್ಟು ಹುಟ್ಟು ಹಾಕಿದರೂ 7 ದಾಟುವುದು ಕಷ್ಟ. ಆದರೆ ದಡದ ಹತ್ತಿರ ಆಳ ಕಡಿಮೆಯಾದಂತೆ ಅಲೆ ನಿಧಾನವಾಗುತ್ತದೆ: 2 ಮೀಟರ್ ನೀರಿನಲ್ಲಿ ಸುಮಾರು 16 ಕಿ.ಮೀ., 1 ಮೀಟರಿನಲ್ಲಿ 11. ನಿಧಾನವಾದಷ್ಟೂ ಅದು ಒತ್ತೊತ್ತಾಗಿ ಎತ್ತರವಾಗುತ್ತದೆ, ಮುಂದಿನ ಇಳಿಜಾರು ಕಡಿದಾಗುತ್ತದೆ, ಎತ್ತರ ಆಳದ ಮುಕ್ಕಾಲು ಭಾಗ ದಾಟುತ್ತಿದ್ದಂತೆ ಒಡೆಯುತ್ತದೆ. ನಾನು ಕಾಯುತ್ತಿದ್ದದ್ದು ತೀರಾ ಆಳದಲ್ಲಿ. ಒಡೆಯುವ ಜಾಗದಿಂದ ಸ್ವಲ್ಪವೇ ಆಚೆ ನಿಲ್ಲಬೇಕಿತ್ತು.

ಉಳಿದ ವೇಗ ಕೊಡುವುದು ಇಳಿಜಾರು. ನಾನೂ ಕಯಾಕೂ ಸೇರಿ 100 ಕಿಲೋ. ಹತ್ತು ಅಡಿಗೆ ಒಂದು ಅಡಿ ಇಳಿಜಾರಿದ್ದರೂ 10 ಕಿಲೋ ತೂಕದಷ್ಟು ಬಲ ಮುಂದಕ್ಕೆ ಎಳೆಯುತ್ತದೆ. ಬಿಡದೆ ಅಷ್ಟು ಬಲ ಕೊಡಲು ನನ್ನ ತೋಳಿಗೆ ಆಗುವುದಿಲ್ಲ. ಅದಕ್ಕೇ ಹಿಂಬದಿ ಏಳುವ ಮುಂಚೆ ನಾಲ್ಕೈದು ಜೋರಾದ ಹುಟ್ಟು ಹಾಕಿ, ಮೈ ಮುಂದಕ್ಕೆ ಬಾಗಿಸುತ್ತೇನೆ. ಮೂತಿ ಕೆಳಗಾದ ತಕ್ಷಣ ಕಯಾಕ್ ತಾನೇ ಜಾರುತ್ತದೆ. ಆಗ ಹಿಂದಕ್ಕೆ ವಾಲಬೇಕು, ಇಲ್ಲದಿದ್ದರೆ ಮೂತಿ ನೀರಿಗೆ ಚುಚ್ಚುತ್ತದೆ.

ನನ್ನನ್ನು ಜಾಸ್ತಿ ಸತಾಯಿಸಿದ್ದು ಅಡ್ಡ ತಿರುಗುವುದು. ಅಲೆಯ ಮುಂದಿನ ತಗ್ಗಿನಲ್ಲಿ ನೀರು ಕಡಲ ಕಡೆಗೆ ಸರಿಯುತ್ತಿರುತ್ತದೆ, ತುದಿಯಲ್ಲಿ ದಡದ ಕಡೆಗೆ. ಮೂತಿಯನ್ನು ಒಂದು ತಡೆದು ಹಿಂಬದಿಯನ್ನು ಇನ್ನೊಂದು ದೂಡಿದರೆ ಕಯಾಕ್ ತಿರುಗಲೇಬೇಕು ಅಲ್ವಾ? ಭಯಕ್ಕೆ ನಾನು ದಡದ ಕಡೆ ವಾಲುತ್ತಿದ್ದೆ, ಆ ಅಂಚು ನೀರಿಗೆ ಸಿಕ್ಕಿಕೊಂಡು ಕಯಾಕ್ ಮಗುಚುತ್ತಿತ್ತು. ಅಲೆಯ ಕಡೆಗೇ ವಾಲಿ, ಪ್ಯಾಡಲನ್ನು, ಅಂದರೆ ಹುಟ್ಟನ್ನು, ನೊರೆಯ ಮೇಲೆ ಚಪ್ಪಟೆಯಾಗಿ ಒರಗಿಸಬೇಕು, ಮೊಣಕೈ ಮೈಗೆ ಹತ್ತಿರ ಇರಲಿ, ಇಲ್ಲದಿದ್ದರೆ ಭುಜದ ಕೀಲು ತಪ್ಪುತ್ತದೆ. ಮಗುಚಿದರೆ ಕಯಾಕ್ ಮತ್ತು ದಡದ ನಡುವೆ ಮಾತ್ರ ನಿಲ್ಲಬೇಡಿ. ನೀರು ತುಂಬಿದ ಕಯಾಕ್ ಮುಂದಿನ ಅಲೆಯೊಂದಿಗೆ ನೇರ ನಿಮ್ಮ ಮೇಲೇ ಬರುತ್ತದೆ. ಹೆಲ್ಮೆಟ್, ಲೈಫ್ ಜಾಕೆಟ್ ಇಲ್ಲದೆ ನಾನು ಇಳಿಯುವುದೇ ಇಲ್ಲ.

ಈಗ ಅಲೆ ತಿರುಗಿಸುವ ಮುಂಚೆ ನಾನೇ ತಿರುಗಿಸುತ್ತೇನೆ. ಪ್ಯಾಡಲನ್ನು ಹಿಂದೆ ಚುಕ್ಕಾಣಿಯಂತೆ ಹಿಡಿದು, ಒಡೆಯದ ಭಾಗದ ಕಡೆಗೆ ಓರೆಯಾಗಿ ಜಾರಿದರೆ, ಇಳಿಜಾರು ಮುಗಿಯುವ ತನಕ ಸವಾರಿ ಸಿಗುತ್ತದೆ.