ಐರ್ಲೆಂಡಿನ ಕಲ್ಲಿನಲ್ಲಿ ಸಿಕ್ಕ ‘ಮಗ’

ಕೆಲ್ಟರ ಕುರುಹು ಹುಡುಕಿಕೊಂಡು ಹೊರಟಾಗ ನನ್ನ ಮೊದಲ ಪಟ್ಟಿಯಲ್ಲಿ ಹದಿನೇಳು ಜಾಗಗಳಿದ್ದವು. ಕೆಲ್ಟರೆಂದರೆ ಐರಿಷ್ ಸೇರಿದ ಭಾಷಾ ಕುಟುಂಬದ ನುಡಿಗಳನ್ನಾಡುತ್ತಿದ್ದ ಪ್ರಾಚೀನ ಜನ. ನ್ಯೂಗ್ರೇಂಜಿನ ಪ್ರಾಚೀನ ಗೋರಿ, ತಾರಾ ಬೆಟ್ಟ, ಅರಾನ್ ದ್ವೀಪಗಳ ಕೋಟೆ, ಹೀಗೆ ಐರ್ಲೆಂಡಿನ ಉದ್ದಗಲ. ಇದ್ದದ್ದು ಏಳು ದಿನ. ಹೆಂಡತಿ ಪಟ್ಟಿ ನೋಡಿ, “ಇದು ಪ್ರವಾಸವೋ, ಜನಗಣತಿಯೋ?” ಎಂದಳು. ಹೆಚ್ಚಿನದನ್ನು ಹೊಡೆದುಹಾಕಿ, ನೈಋತ್ಯ ತುದಿಯ ಡಿಂಗಲ್ ಪರ್ಯಾಯ ದ್ವೀಪದಲ್ಲಿ ಒಂದೇ ಮನೆಯಲ್ಲಿ ಐದು ರಾತ್ರಿ ಉಳಿಯುವುದೆಂದು ಗೊತ್ತುಮಾಡಿಕೊಂಡೆವು. ಇಡೀ ಪ್ರವಾಸದಲ್ಲಿ ನಾನು ಒಪ್ಪಿಕೊಂಡ ಅತ್ಯುತ್ತಮ ಸಲಹೆ ಅದು.

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯುವುದಿಲ್ಲ, ಬೇರೆಯೇ ಬೇಕು. ಶಾನನ್ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರು ಹಿಡಿದೆವು. ನಮ್ಮಂತೆಯೇ ಎಡಬದಿಯ ಸಂಚಾರವಾದ್ದರಿಂದ ಧೈರ್ಯವಿತ್ತು. ಆ ಧೈರ್ಯವೇ ಕೈಕೊಟ್ಟಿತು. ಹಳ್ಳಿದಾರಿಗಳಲ್ಲಿ ಇಕ್ಕೆಲಕ್ಕೂ ಕೆಂಪು ಫ್ಯೂಷಿಯಾ ಹೂವಿನ ಬೇಲಿ. ಎದುರಿನ ಟ್ರ್ಯಾಕ್ಟರಿಗೆ ಜಾಗ ಬಿಡಲು ಹೂವಿಗೆ ಒರಗಿದರೆ ಏನಾದೀತು ಎಂದುಕೊಂಡೆ. ಹೂವಿನೊಳಗೆ ಕಲ್ಲುಗೋಡೆಯಿತ್ತು, ಎಡಗನ್ನಡಿಯ ಚಿಪ್ಪು ಹೋಯಿತು. ವಿಮೆಯಲ್ಲಿ ನಾವೇ ಭರಿಸಬೇಕಾದ ಪಾಲು ಎಷ್ಟು ಎಂಬುದನ್ನು ಕಾರು ಪಡೆಯುವಾಗಲೇ ಓದಿಕೊಳ್ಳಿ. ನಾನು ಓದಿದ್ದು ಕನ್ನಡಿ ಒಡೆದ ಮೇಲೆ.

ಡಿಂಗಲ್ ಸೇರುವ ಮುನ್ನ ಉತ್ತರಕ್ಕೆ ಬಳಸಿಕೊಂಡು ಬರೆನ್ ಸುಣ್ಣಕಲ್ಲಿನ ಬಯಲಿಗೆ ಹೋಗಿದ್ದೆವು. ಬೂದುಬಣ್ಣದ ಬಂಡೆಹಾಸು, ಸೀಳುಗಳಲ್ಲಿ ಹೂಗಿಡ, ನಡುವೆ ಪೌಲ್ನಬ್ರೋನ್ ಕಲ್ಗೋರಿ. 1986ರಲ್ಲಿ ಅಗೆದಾಗ ಮೂವತ್ತಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕ ಜಾಗ. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ ಹತ್ತಿದವರಿಗೆ ನಿಂತ ಚಪ್ಪಡಿಗಳ ಮೇಲೊಂದು ಮುಚ್ಚಿಗೆಯ ಈ ಕಲ್ಲುಮನೆ ಅಪರಿಚಿತ ಎನಿಸದು. ನೆನಪಿನ ವಸ್ತುಗಳ ಅಂಗಡಿಗಳಲ್ಲಿ ಇಂಥವೆಲ್ಲ ‘ಕೆಲ್ಟಿಕ್’. ಆದರೆ ಈ ಗೋರಿಗೆ ಐದು ಸಾವಿರ ವರ್ಷ ದಾಟಿದೆ. ಕೆಲ್ಟಿಕ್ ಭಾಷೆ ಐರ್ಲೆಂಡಿಗೆ ಬಂದದ್ದು ಬಹಳ ಕಾಲದ ನಂತರ. ನ್ಯೂಗ್ರೇಂಜಿನ ಕಥೆಯೂ ಇದೇ. ಹಾಗಾದರೆ ನಾವು ಹುಡುಕಿಕೊಂಡು ಬಂದ ಕೆಲ್ಟರು ಎಲ್ಲಿ?

ಮೊದಲ ಗುರುತು ಡಾಂಬರಿನ ಮೇಲೆ ಕಂಡಿತು. ಡಿಂಗಲಿನ ಪಶ್ಚಿಮ ಭಾಗ ಐರಿಷ್ ಮಾತಾಡುವ ಸೀಮೆ, ಫಲಕಗಳೂ ಐರಿಷ್‌ನಲ್ಲೇ. ರಸ್ತೆಯ ಮೇಲೆ ದೊಡ್ಡದಾಗಿ ‘ಗೋ ಮಾಲ್’ ಎಂಬಂತೆ ಓದಿಸಿಕೊಳ್ಳುವ ಅಕ್ಷರಗಳು. ಈ ಕುರಿಗಳ ನಡುವೆ ಎಲ್ಲಿಯ ಮಾಲ್ ಎಂದು ಹೆಂಡತಿ ನಕ್ಕಳು. ‘ನಿಧಾನ’ ಎಂದು ಅದರ ಅರ್ಥ. ಮೊಬೈಲಿನ ನಕ್ಷೆಗಿಂತ ನಮಗೆ ಒದಗಿದ್ದು ಐವತ್ತು ಸಾವಿರಕ್ಕೊಂದು ಅಳತೆಯ ಸರ್ಕಾರಿ ಕಾಗದದ ನಕ್ಷೆ, ಹಾಳೆ ಸಂಖ್ಯೆ 70. ಹಳೆಯ ಕುರುಹುಗಳನ್ನೆಲ್ಲ ಅದರಲ್ಲಿ ಕೆಂಪಕ್ಷರದಲ್ಲಿ ತೋರಿಸಿದ್ದಾರೆ.

ಸ್ಲೀ ಹೆಡ್ ಕಡಲದಾರಿಯಲ್ಲಿ ಬಸ್ಸುಗಳೆಲ್ಲ ಗಡಿಯಾರದ ಮುಳ್ಳಿನಂತೆ ಸುತ್ತುತ್ತವೆ. ನಾವೂ ಹಾಗೇ ಹೋದೆವು, ಆದರೆ ಊಟ ಮುಗಿಸಿ ಸಂಜೆ. ಜುಲೈ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಯ ತನಕ ಬೆಳಕಿರುತ್ತದೆ, ಬಸ್ಸುಗಳು ಇರುವುದಿಲ್ಲ. ಗ್ಯಾಲರಸ್ ಪ್ರಾರ್ಥನಾ ಮಂದಿರದಲ್ಲಿ ಮಳೆ ಹಿಡಿಯಿತು. ಮಗುಚಿಟ್ಟ ದೋಣಿಯಂಥ ಕಟ್ಟಡ, ಗಾರೆಯಿಲ್ಲ. ಕಲ್ಲುಗಳನ್ನು ಹೊರಕ್ಕೆ ತುಸು ವಾಲಿಸಿ ಪೇರಿಸಿರುವುದರಿಂದ ನೀರು ಹೊರಗೇ ಜಾರುತ್ತದೆ. ಮಳೆ ನಿಲ್ಲುವವರೆಗೂ ಒಣಗಿದ ನೆಲದ ಮೇಲೆ ನಿಂತಿದ್ದೆವು.

ಅಲ್ಲಿಂದ ತುಸು ದೂರ ಕಿಲ್ಮಾಲ್ಕೆಡರ್. ಹನ್ನೆರಡನೆಯ ಶತಮಾನದ, ಚಾವಣಿ ಕಳೆದುಕೊಂಡ ಚರ್ಚಿನ ಅಂಗಳದಲ್ಲಿ, ಸಮಾಧಿಗಳ ನಡುವೆ, ತಲೆಯಲ್ಲಿ ತೂತಿರುವ ತೆಳ್ಳನೆಯ ಕಲ್ಲು. ಅಂಚಿನಲ್ಲಿ ಐರ್ಲೆಂಡಿನ ಪ್ರಾಚೀನ ಓಗಮ್ ಲಿಪಿ. ಈಗಿನ ಐರಿಷರ ಬಾಯಲ್ಲಿ ಅದು ‘ಓಮ್’ ಎಂದೇ ಕೇಳುತ್ತದೆ. ಅಕ್ಷರವೆಂದರೆ ಬರೀ ಗೀರು, ಇಲ್ಲವೇ ಅಂಚಿನ ಮೇಲೊಂದು ಸಣ್ಣ ಕಚ್ಚು. ಕಲ್ಲಿನ ಅಂಚೇ ಗೆರೆ. ಗೀರು ಅದರ ಯಾವ ಬದಿಗಿದೆ, ಎಷ್ಟಿದೆ ಎಂಬುದರ ಮೇಲೆ ಅಕ್ಷರ ಬದಲಾಗುತ್ತದೆ. ಓದುವುದು ಕೆಳಗಿನಿಂದ ಮೇಲಕ್ಕೆ.

ಅಕ್ಷರಪಟ್ಟಿಯನ್ನು ಮನೆಯಿಂದಲೇ ಬರೆದುಕೊಂಡು ಹೋಗಿದ್ದೆ. ಪಾಚಿಯ ಮೇಲೆ ಬೆರಳಾಡಿಸುತ್ತ ಹುಡುಕಿದೆ. ಅಂಚಿಗೆ ಅಡ್ಡವಾಗಿ ಓರೆ ಗೀರು ಒಂದು: ಮ್. ಒಂದು ಕಚ್ಚು: ಅ. ಎಡಕ್ಕೆ ನಾಲ್ಕು ಗೀರು: ಕ್. ಐದು ಕಚ್ಚು: ಇ. ‘ಮಕಿ’. ಹಳೆಯ ಐರಿಷ್‌ನಲ್ಲಿ ‘ಮಗನ’ ಎಂದರ್ಥ. ಇಂದಿನ ಹೆಸರುಗಳಲ್ಲಿ ಬರುವ ‘ಮ್ಯಾಕ್’ ಇದೇ. ಇಡೀ ಶಾಸನ ಹೇಳುವುದು ಇಷ್ಟೇ: ಬ್ರೋಕಾನನ ಮಗ ಮೇಲ್ ಇನ್ಬಿರ್‌ನ ಹೆಸರು. ನಮ್ಮ ‘ಮಗ’ನಿಗೂ ಅವರ ‘ಮಕಿ’ಗೂ ನಂಟಿಲ್ಲ, ಬರೀ ಆಕಸ್ಮಿಕ. ಗೊತ್ತಿದ್ದೂ ಖುಷಿ ತಡೆಯಲಾಗದೆ ಹೆಂಡತಿಯನ್ನು ಕೂಗಿ ಕರೆದೆ.

ಮಾತು ಕೊಡುವವರು ಆ ತೂತಿನಲ್ಲಿ ಹೆಬ್ಬೆರಳು ತಾಗಿಸಿಕೊಳ್ಳುತ್ತಿದ್ದರಂತೆ. ನಾವೂ ಆಚೆ ಈಚೆ ನಿಂತು ತಾಗಿಸಿದೆವು. ಅವಳು ಕೇಳಿದ ಮಾತು ಒಂದೇ: ನಾಳೆ ಕಾರು ಅವಳೇ ಓಡಿಸಬೇಕು. ಕೊಟ್ಟೆ.