ಮೃದಂಗದ ಕೈ ಕಾಂಗಾಗೆ ಒಗ್ಗಿದ್ದು

ಹನ್ನೊಂದು ವರ್ಷ ಮೃದಂಗ ಕಲಿತಿದ್ದೆ. ನ್ಯೂಜೆರ್ಸಿಗೆ ಬಂದ ಮೇಲೆ ಕಾಂಗಾ, ಅಂದರೆ ಕೈಯಲ್ಲಿ ಬಡಿಯುವ ಕ್ಯೂಬಾದ ಎತ್ತರದ ಡ್ರಮ್ಮು, ಕಲಿಯಲು ಹೊರಟಾಗ, ಆರು ತಿಂಗಳಲ್ಲಿ ಕೈಗೆ ಬರುತ್ತೆ ಅಂದುಕೊಂಡಿದ್ದೆ. ಎಡಗೈ ತಿದ್ದಿಕೊಳ್ಳುವುದಕ್ಕೇ ಮೂರು ತಿಂಗಳು ಹಿಡಿಯಿತು.

ನಮ್ಮ ಮೇಷ್ಟ್ರು ಕ್ಯೂಬಾದ ಮಟಾನ್ಸಾಸ್ ಕಡೆಯವರು. ರುಂಬಾ ಅನ್ನುವ ಡ್ರಮ್ಮು, ಹಾಡು, ಕುಣಿತದ ಕಲೆ ಬೆಳೆದ ಊರು ಅದು. ಈಗ ಯೂನಿಯನ್ ಸಿಟಿಯಲ್ಲಿದ್ದಾರೆ. ಮೊದಲ ದಿನ ಅವರು ನೋಡಿದ್ದು ನನ್ನ ಬೆರಳುಗಳನ್ನು. ಮೃದಂಗದಲ್ಲಿ ಬೆರಳು ಬೆರಳಿಗೂ ಬೇರೆ ಕೆಲಸ ಇರುತ್ತೆ. ಕಾಂಗಾದಲ್ಲಿ ಮೃದಂಗದ ಕಪ್ಪು ಕರಣೆ ಇಲ್ಲ, ಬರೀ ಚರ್ಮ. ನಾಲ್ಕೂ ಬೆರಳು ಜೋಡಿಸಿ, ಅಂಗೈ ಅಂಚಿಗೆ ತಾಗುವ ಹಾಗೆ ಬಡಿದು ತಕ್ಷಣ ಕೈ ಎತ್ತಿದರೆ ತೆರೆದ ನಾದ. ಬೆರಳು ಕೊಂಚ ಬಾಗಿಸಿ, ತುದಿ ಮಾತ್ರ ಚಟ್ ಅಂತ ಬಿದ್ದರೆ ಸ್ಲ್ಯಾಪ್. ಬಲ ಹಾಕಿದಷ್ಟೂ ಸ್ಲ್ಯಾಪ್ ಸತ್ತುಹೋಗುತ್ತೆ. ಮಣಿಕಟ್ಟು ಸಡಿಲ ಬಿಟ್ಟ ದಿನವೇ ಅದು ನನಗೆ ಸಿಕ್ಕಿದ್ದು.

ಇನ್ನು ತುಂಬಾವೊ. ಸಾಲ್ಸಾ ಕುಣಿತದ ಸಂಗೀತದಲ್ಲಿ ಕಾಂಗಾ ಬಿಡದೆ ನುಡಿಸುವ ನಡೆ ಇದು. ಒಂದು ಸುತ್ತಿಗೆ ಎಂಟು ಪೆಟ್ಟು. ಎಡ ಅಂಗೈ ಬುಡ, ಎಡಗೈ ಬೆರಳ ತುದಿ, ಬಲಗೈ ಸ್ಲ್ಯಾಪ್, ಎಡ ತುದಿ; ಮತ್ತೆ ಎಡ ಬುಡ, ಎಡ ತುದಿ, ಕೊನೆಗೆ ಬಲಗೈಯಲ್ಲಿ ಎರಡು ತೆರೆದ ಪೆಟ್ಟು. ಎಂಟರಲ್ಲಿ ಐದು ಎಡಗೈದು, ಅಲ್ವಾ? ಆ ಐದೂ ಕೇಳುವವರಿಗೆ ಹೆಚ್ಚುಕಮ್ಮಿ ಕೇಳಿಸುವುದಿಲ್ಲ. ಆದರೆ ಎಡಗೈ ತೊಟ್ಟಿಲ ಹಾಗೆ ತೂಗದಿದ್ದರೆ ಬಲಗೈಯ ಮೂರು ಪೆಟ್ಟು ಓಡಿಬಿಡುತ್ತವೆ.

ನನಗೆ ಕಷ್ಟವಾದದ್ದು ಸಮ, ಅಂದರೆ ಸುತ್ತಿನ ಮೊದಲ ಪೆಟ್ಟು. ತುಂಬಾವೊದ ಭಾರವೆಲ್ಲ ಕೊನೆಯ ಎರಡು ಪೆಟ್ಟಿನ ಮೇಲೆ. ಸಮಕ್ಕೆ ಬರುವುದು ಎಡಗೈ ಬುಡ, ಅದೂ ಮೆತ್ತಗೆ. ಬೇಸ್ ನುಡಿಸುವವರೂ ಸಾಮಾನ್ಯವಾಗಿ ಸಮ ಬಿಟ್ಟೇ ನುಡಿಸುತ್ತಾರೆ. ಆ ಖಾಲಿ ಜಾಗದಲ್ಲಿ ಕುಣಿಯುವವರ ಕಾಲು ಬೀಳುತ್ತೆ.

ಕ್ಲಾವೆ, ಅಂದರೆ ಎರಡು ಕಡ್ಡಿ ತಟ್ಟಿ ಇಡೀ ತಂಡವನ್ನು ಹಿಡಿದಿಡುವ ಲಯ, ಮಾತ್ರ ಬೇಗ ಹಿಡಿದೆ. ಹದಿನಾರು ಮಾತ್ರೆಯಲ್ಲಿ ಐದು ಪೆಟ್ಟು: ತಕಿಟ ತಕಿಟ ತಕಧಿಮಿ ತಕ ತಕಧಿಮಿ. ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಒಂದು ಪೆಟ್ಟು, ಅಷ್ಟೆ. ರುಂಬಾ ಕ್ಲಾವೆಯಲ್ಲಿ ಮೂರನೇ ಪೆಟ್ಟು ಒಂದು ಮಾತ್ರೆ ತಡ. ಆಗ 3, 4, 3, 2, 4 ಆಗುತ್ತೆ. ಈ ಲೆಕ್ಕ ನಮಗೆ ಹೊಸದಲ್ಲ.

ಆ ಲೆಕ್ಕದ ಧೈರ್ಯದಲ್ಲೇ ಒಂದು ಸಲ ತಂಡದ ಅಭ್ಯಾಸದಲ್ಲಿ ಮೂರು ಸಲ ಬರುವ ಮುಕ್ತಾಯ ಹಾಕಿ, ಸಮದ ಮೇಲೆ ಜೋರಾಗಿ ಇಳಿದೆ. ಲೆಕ್ಕ ಸರಿಯಾಗಿತ್ತು. ಪಿಯಾನೋ ನಿಂತಿತು, ಬೇಸ್ ನಿಂತಿತು. ಮೇಷ್ಟ್ರು ಬೈಯಲಿಲ್ಲ. ಎರಡು ಕ್ಲಾವೆ ಕಡ್ಡಿ ನನ್ನ ಕೈಗಿಟ್ಟು "ಮೂರು ವಾರ ಇದನ್ನೇ ನುಡಿಸು" ಅಂದರು. ಆ ಮೂರು ವಾರ ನಾನು ಸುಮ್ನೆ ಕಡ್ಡಿ ತಟ್ಟುತ್ತಾ ಉಳಿದವರನ್ನು ಕೇಳಿದೆ. ಪಿಯಾನೋ ಎಲ್ಲಿ ಉಸಿರು ತಗೊಳ್ಳುತ್ತೆ, ಹಾಡುಗಾರ ಎಲ್ಲಿ ಎತ್ತುತ್ತಾನೆ ಅನ್ನೋದು ಗೊತ್ತಾಯಿತು. 1940ರ ಹೊತ್ತಿಗೆ ಕ್ಯೂಬಾದ ಸಂಗೀತಗಾರ ಆರ್ಸೆನಿಯೊ ರೊಡ್ರಿಗೆಸ್ ತಮ್ಮ ಸೊನ್ (ಅಲ್ಲಿನ ಹಾಡು-ಕುಣಿತದ ಸಂಗೀತ) ತಂಡಕ್ಕೆ ಕಾಂಗಾ ಸೇರಿಸಿದ ವಿಷಯ ಮೇಷ್ಟ್ರು ಹೇಳಿದ್ದು ಆಗಲೇ. ಪಕ್ಕದಲ್ಲಿ ಬೊಂಗೋ ಅನ್ನುವ ಚಿಕ್ಕ ಜೋಡಿ ಡ್ರಮ್ಮು ಮೊದಲೇ ಮಾತಾಡುತ್ತಿತ್ತು, ಕಾಂಗಾ ಬಂದದ್ದು ನೆಲ ಹಾಕುವುದಕ್ಕೆ ಅಂದರು.

ಚಳಿಗಾಲದಲ್ಲಿ ಇಲ್ಲಿ ಹೀಟರ್ ಗಾಳಿಗೆ ಚರ್ಮ ಒಣಗಿ ಬಿಗಿಯುತ್ತೆ. ನುಡಿಸಿದ ಮೇಲೆ ಮರೆಯದೆ ಬೋಲ್ಟ್ ಸಡಿಲಿಸಿಡಬೇಕು. ಎಲ್ಲ ಬೋಲ್ಟನ್ನೂ ಸುತ್ತಾ ಒಂದೇ ಅಳತೆಗೆ ತಿರುಗಿಸಿ, ಒಂದೇ ಕಡೆ ಜಾಸ್ತಿ ಬೇಡ.

ಈಗ ಭಾನುವಾರ ರುಂಬಾಗೆ ಕೂರುತ್ತೇನೆ. ಮೂರು ಡ್ರಮ್ಮಿನಲ್ಲಿ 'ತುಂಬಾ', 'ಸೆಗುಂದೊ' ಅನ್ನುವ ಎರಡು ನಡೆ ಹಿಡಿಯುತ್ತವೆ, ಮನಸ್ಸಿಗೆ ಬಂದಂತೆ ಮಾತಾಡುವುದು ಚಿಕ್ಕ ಡ್ರಮ್ಮು ಕ್ವಿಂಟೊ. ಅದು ಮೇಷ್ಟ್ರದ್ದು. ನಾನು ಸೆಗುಂದೊ ಹಿಡಿಯುತ್ತೇನೆ. ಹೋದ ವಾರ ಇಪ್ಪತ್ತು ನಿಮಿಷ ಒಂದೇ ನಡೆ ಬಿಡದೆ ನುಡಿಸಿದೆ. ಮೇಷ್ಟ್ರು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.