ಗಿನಿಪಿಗ್ ತಿನ್ನುವುದನ್ನು ಬಿಟ್ಟಾಗ ನಾನು ಮಾಡಿದ್ದು

ನಾಯಿ ಒಂದು ಹೊತ್ತು ಅನ್ನ ಮುಟ್ಟದಿದ್ದರೆ ನಮ್ಮ ಮನೆಯಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಹೊಟ್ಟೆ ಖಾಲಿ ಬಿಟ್ಟರೆ ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ ಅತ್ತೆ. ನಾಯಿಯ ಮಟ್ಟಿಗೆ ಅದು ಬಹುಪಾಲು ನಿಜ. ಗಿನಿಪಿಗ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಹುಲ್ಲಿನ ನಾರು ಸದಾ ಒಳಗೆ ಹೋಗುತ್ತಿದ್ದರಷ್ಟೇ ಅದರ ಕರುಳು ಚಲಿಸುತ್ತದೆ. ಅರ್ಧ ದಿನ ಏನೂ ತಿನ್ನದಿದ್ದರೆ ಚಲನೆ ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ, ಆ ನೋವಿಗೆ ಮತ್ತೂ ತಿನ್ನುವುದಿಲ್ಲ. ಒಂದೆರಡು ದಿನ ಕಳೆದರೆ ಯಕೃತ್ತಿನಲ್ಲಿ ಕೊಬ್ಬು ಸೇರಿ ಕೈಮೀರುತ್ತದೆ.

ನಮ್ಮ ಎರಡು ಗಿನಿಪಿಗ್‌ಗಳಲ್ಲಿ ದೊಡ್ಡದು ಹೀಗಾದದ್ದು ನಡು ಆಷಾಢದಲ್ಲಿ, ಸೋಮವಾರಪೇಟೆ ಕಡೆ ಮಳೆ ಹಿಡಿದರೆ ಬಿಡದ ಕಾಲ. ಸುಳಿವು ಕೊಟ್ಟದ್ದು ಅಡುಗೆಮನೆಯ ತಕ್ಕಡಿ. ವಾರಕ್ಕೊಮ್ಮೆ ಇಬ್ಬರನ್ನೂ ಡಬ್ಬಿಯಲ್ಲಿಟ್ಟು ತೂಗುವುದು ನನ್ನ ರೂಢಿ. ಒಂಬೈನೂರು ಗ್ರಾಂ ಆಸುಪಾಸಿನಲ್ಲಿದ್ದವಳು ಇಳಿಯುತ್ತಿದ್ದಳು. ಆಮೇಲೆ ಕೂತು ಗಮನಿಸಿದೆ: ಗರಿಕೆಯ ಎಸಳನ್ನು ಆಸೆಯಿಂದಲೇ ಎತ್ತಿಕೊಳ್ಳುತ್ತಾಳೆ, ಎರಡು ಸಲ ಅಗಿಯುತ್ತಾಳೆ, ಬಾಯಿಯಿಂದ ಜಾರಿಸಿಬಿಡುತ್ತಾಳೆ. ಗದ್ದದ ಕೂದಲು ಜೊಲ್ಲಿನಿಂದ ಒದ್ದೆ. ಹಿಕ್ಕೆ ಸಣ್ಣದು, ಒಣಕಲು. ಹಸಿವಿದೆ, ಬಾಯಿ ಕೆಲಸ ಮಾಡುತ್ತಿಲ್ಲ ಎಂದು ಅಲ್ಲಿಗೆ ಗೊತ್ತಾಯಿತು.

ನಮ್ಮೂರಿನ ಪಶುವೈದ್ಯರು ಹಸು, ನಾಯಿ ನೋಡುವವರು. ಅದನ್ನು ಮುಚ್ಚಿಡದೆ ಹೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚಿತು. ನೋವಿಗೊಂದು ಇಂಜೆಕ್ಷನ್, ಚರ್ಮದಡಿಗೆ ಸಲೈನ್ ಕೊಟ್ಟು, "ಹಲ್ಲು ನೋಡುವವರು ಮೈಸೂರಿನಲ್ಲಿದ್ದಾರೆ, ತಡಮಾಡಬೇಡಿ. ಅಲ್ಲಿಯವರೆಗೆ ಹೊಟ್ಟೆ ಖಾಲಿ ಬಿಡಬೇಡಿ" ಎಂದರು. ಹೊರಡುವ ಮುನ್ನ ಹೊಟ್ಟೆ ಒತ್ತಿ ನೋಡುವುದನ್ನೂ ತೋರಿಸಿಕೊಟ್ಟರು. ಹೊಟ್ಟೆ ಬಿಗಿದು ಡೋಲಿನಂತಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ ನೇರ ವೈದ್ಯರ ಬಳಿ ಓಡಬೇಕು.

ಇನ್ನು ಉಣಿಸುವ ಕೆಲಸ. ಹುಲ್ಲಿನಿಂದ ಮಾಡಿದ ಗಿನಿಪಿಗ್ ಪೆಲೆಟ್‌ಗಳನ್ನು ಪುಡಿ ಮಾಡಿ ಬೆಚ್ಚನೆಯ ನೀರಿನಲ್ಲಿ ನೆನೆಸಿದರೆ ತೆಳ್ಳನೆಯ ಅಂಬಲಿಯ ಹದಕ್ಕೆ ಬರುತ್ತದೆ. ಕರೆಂಟ್ ಇಲ್ಲದ ದಿನಗಳು, ಮಿಕ್ಸಿ ಮೂಲೆಯಲ್ಲಿತ್ತು. ಏಲಕ್ಕಿ ಕುಟ್ಟುವ ಕುಟ್ಟಾಣಿಯೇ ಗತಿ. ನುಣ್ಣಗೆ ಜರಡಿ ಹಿಡಿಯದಿದ್ದರೆ ಸಿರಿಂಜಿನ ಬಾಯಿ ಕಟ್ಟಿಕೊಳ್ಳುತ್ತದೆ. ಅಕ್ಕಿಗಂಜಿ, ಹಾಲು, ಬಾಳೆಹಣ್ಣು ಎಂದು ಸಲಹೆ ಕೊಟ್ಟವರಿಗೆ ಕೊರತೆ ಇರಲಿಲ್ಲ. ಪಿಷ್ಟ, ಸಕ್ಕರೆ ಒಳಗೆ ಹೋದರೆ ಹುಳಿತು ಗ್ಯಾಸ್ ಹೆಚ್ಚುತ್ತದೆ. ಬೇಕಾದದ್ದು ನಾರು.

ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದೆ, ನಾಲ್ಕು ಕಾಲೂ ನೆಲದ ಕಡೆಗೇ ಇರುವಂತೆ. ಅಂಗಾತ ಮಲಗಿಸಿದರೆ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗವಿದೆ. ಸೂಜಿ ತೆಗೆದ 1 ಮಿ.ಲೀ. ಸಿರಿಂಜಿನ ತುದಿಯನ್ನು ಪಕ್ಕದಿಂದ ಅಲ್ಲಿಗೆ ತೂರಿಸಿ ಕಾಲು ಮಿ.ಲೀ.ಯಷ್ಟು ಒತ್ತಿ ಕಾಯಬೇಕು. ದವಡೆ ಆಡುತ್ತದೆ, ನುಂಗುತ್ತದೆ, ಆಮೇಲೆ ಮತ್ತೊಂದು. ಮೊದಲ ಬಾರಿ ಅರ್ಧ ಸೀರೆಗೇ ಹೋಯಿತು. ಇಂಥ ಸ್ಥಿತಿಯಲ್ಲಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 80 ಮಿ.ಲೀ. ಬೇಕು. ಮೂರು ಗಂಟೆಗೊಮ್ಮೆ ಎಂದಿಟ್ಟುಕೊಂಡೆ, ರಾತ್ರಿಯೂ ಅಲಾರಂ ಇಟ್ಟು. ನಮ್ಮ ಹಾಗೆಯೇ ಇವಕ್ಕೂ ದೇಹದಲ್ಲಿ ವಿಟಮಿನ್ ಸಿ ತಯಾರಾಗುವುದಿಲ್ಲ, ಕಾಯಿಲೆಯಲ್ಲಂತೂ ಹೆಚ್ಚೇ ಬೇಕು. ವೈದ್ಯರು ಹೇಳಿದ ಪ್ರಮಾಣವನ್ನು ಸಿರಿಂಜಿನಲ್ಲೇ ಕೊಟ್ಟೆ. ಕುಡಿಯುವ ನೀರಿಗೆ ಬೆರೆಸಿಟ್ಟರೆ ಬೇಗ ಸತ್ವ ಕಳೆದುಕೊಳ್ಳುತ್ತದೆ.

ಮಕ್ಕಳಿಗೆ ತಂದು ಉಳಿದ ಅಮಾಕ್ಸಿಸಿಲಿನ್ ಸಿರಪ್ಪನ್ನು ನೆರೆಯವರು ಕೊಡಲು ಬಂದರು. ಪೆನಿಸಿಲಿನ್ ಜಾತಿಯ ಔಷಧ ಬಾಯಿಗೆ ಬಿದ್ದರೆ ಗಿನಿಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣಿಯೇ ಹೋಗಬಹುದು. ನಯವಾಗಿ ಬೇಡವೆಂದೆ.

ಮೈಸೂರಿನಲ್ಲಿ ಅರಿವಳಿಕೆ ಕೊಟ್ಟು ಬಾಯಿ ತೆರೆದರು. ಇವುಗಳ ಇಪ್ಪತ್ತು ಹಲ್ಲೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ, ಸವೆಸುವುದು ಹುಲ್ಲು. ಕೆಳಗಿನ ದವಡೆ ಹಲ್ಲುಗಳು ಒಳಕ್ಕೆ ಬಾಗಿ ನಾಲಿಗೆಯ ಮೇಲೆ ಕಮಾನು ಕಟ್ಟಿದ್ದವು. ತಿಂದದ್ದನ್ನು ಹಿಂದಕ್ಕೆ ತಳ್ಳಲು ನಾಲಿಗೆಗೆ ಜಾಗವೇ ಇರಲಿಲ್ಲ. ಹೊರಗಿನಿಂದ ಕಾಣುವ ಮುಂದಿನ ಹಲ್ಲು ಸರಿಯಾಗಿಯೇ ಇದ್ದವು. ಅದನ್ನಷ್ಟೇ ನೋಡಿ ಹಲ್ಲಿನ ತೊಂದರೆ ಇಲ್ಲವೆಂದು ತೀರ್ಮಾನಿಸಲಾಗದು.

ಹಲ್ಲು ತೇಯ್ದ ಮಾತ್ರಕ್ಕೆ ಅಂದೇ ಮೇಯುವುದಿಲ್ಲ. ಮನೆಗೆ ಬಂದ ಮೇಲೂ ಸಿರಿಂಜ್ ನಡೆಯಿತು, ದಿನವೂ ತೂಗಿ, ತೂಕ ಇಳಿಯದೆ ನಿಂತಂತೆಲ್ಲ ಒಂದೊಂದೇ ಸರದಿ ಕಡಿಮೆ ಮಾಡಿದೆ. ಮಳೆಗಾಲದ ಹುಲ್ಲಿನದೇ ದೊಡ್ಡ ತಲೆನೋವು: ಚೀಲದ ಒಣಹುಲ್ಲಿಗೆ ಬೂಸಲು ಹಿಡಿಯುತ್ತದೆ, ತೋಟದೊಳಗಿನ ಹುಲ್ಲಿನ ಮೇಲೆ ಕಾಫಿ, ಮೆಣಸಿಗೆ ರೋಗ ತಗಲದಂತೆ ಹೊಡೆದ ಬೋರ್ಡೋ ದ್ರಾವಣದ ತಾಮ್ರ ಕೂತಿರುತ್ತದೆ. ಅಂಗಳದಂಚಿನ ಗರಿಕೆಯನ್ನೇ ಕೊಯ್ದು, ಜಗಲಿಯಲ್ಲಿ ಹರಡಿ ನೀರಾರಿಸಿ ಹಾಕುತ್ತೇನೆ.

ಹಲ್ಲು ಮತ್ತೆ ಬಾಗುವ ಸಾಧ್ಯತೆ ಇದ್ದೇ ಇದೆ ಎಂದಿದ್ದಾರೆ, ಆದ್ದರಿಂದ ಮೈಸೂರಿನ ದಾರಿ ಮುಗಿದಿಲ್ಲ. ಹೋಗುವಾಗ ಅದೇ ಪೆಟ್ಟಿಗೆಯಲ್ಲಿ ಚಿಕ್ಕದನ್ನೂ ಕೂರಿಸಿಕೊಳ್ಳುತ್ತೇನೆ. ಪಕ್ಕದವಳು ಕರುಮುರು ಮೇಯುವುದನ್ನು ಕೇಳಿದರೆ ಇವಳೂ ಬಾಯಿ ಹಾಕುತ್ತಾಳೆ.